ಬಾವಡಿಯ ಹಾಜರಿ

ಇದು ನಮ್ಮತ್ತೆಯ ತಂದೆಗೆ ಆದದ್ದು. ಆ ರಾತ್ರಿ ಅವನು ಕುಡಿದಿರಲಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಕತೆ ಕೇಳಿದವರೆಲ್ಲ ಮೊದಲು ಕೇಳುವುದು ಅದನ್ನೇ. ಕಾಂಗಡಾದ ಗಂಡಸರ ಬಗ್ಗೆ ಲೋಕಕ್ಕಿರುವ ಅಭಿಪ್ರಾಯ ಅಂಥದ್ದು.

ಕಾರ್ತಿಕದ ಕತ್ತಲು. ಧೌಲಾಧಾರ ಬೆಟ್ಟಸಾಲಿನ ನೆತ್ತಿಗೆ ಆ ವರ್ಷದ ಮೊದಲ ಹಿಮ ಬಿದ್ದು ಎರಡು ದಿನವಾಗಿತ್ತು. ಗಾಳಿಗೆ ಹಲ್ಲು ಬಂದಿತ್ತು. ಊರಿನ ಯಜಮಾನರಾದ ಲಂಬರದಾರರ ಅಂಗಳದಲ್ಲಿ ಮಾತು ಕೇಳುತ್ತ ಕೂತು ತಡಮಾಡಿಕೊಂಡವನು ಕಂಬಳಿಯನ್ನು ಕಿವಿ ಮುಚ್ಚುವ ಹಾಗೆ ಹೊದ್ದು, ಗದ್ದೆಯ ಮೆಟ್ಟಿಲು ಇಳಿದು ಒಬ್ಬನೇ ಮನೆಗೆ ಬರುತ್ತಿದ್ದ. ದಾರಿ ಬಾವಡಿಯ ಪಕ್ಕದಲ್ಲೇ ಹಾದು ಹೋಗುತ್ತದೆ. ಬೇರೆ ದಾರಿಯಿಲ್ಲ. ಈಗಲೂ ಇಲ್ಲ.

ಗುಡ್ಡದ ಬುಡದಲ್ಲಿ ಒರತೆಗೆ ಕಟ್ಟಿದ ಕಲ್ಲಿನ ಕೊಳ ಅದು. ಹನ್ನೊಂದು ಮೆಟ್ಟಿಲು, ಮೇಲೊಂದು ಅರಳಿಮರ. ಮೂರು ಗೋಡೆಗೂ ಒರಗಿಸಿ ಮೊಹರೆ ಕಲ್ಲುಗಳು. ಅಕಾಲದಲ್ಲಿ ಸತ್ತವರ ಮುಖ ಕೆತ್ತಿ, ಹೆಸರು ಕೊರೆದು ನಿಲ್ಲಿಸಿದವು. ನೀರಿಗೆ ಹೋದ ಹೆಂಗಸರು ಮೊದಲ ಬೊಗಸೆ ಆ ಕಲ್ಲುಗಳಿಗೆ ಹಾಕಿ ಆಮೇಲೆ ಕೊಡ ಅದ್ದುತ್ತಾರೆ. ಸತ್ತವರು ಬಾಯಾರಿ ಮನೆಬಾಗಿಲಿಗೆ ಬರಬಾರದಲ್ಲ, ಅದಕ್ಕೆ.

ಟಪ್... ಟಪ್... ಒರತೆ ತೊಟ್ಟಿಕ್ಕುವ ಸದ್ದು. ಅದು ಹಗಲಿರುಳೂ ಇರುವಂಥದ್ದು.

ಅವನು ಅರಳಿಮರದ ಕೆಳಗೆ ಬಂದ. ಸದ್ದು ನಿಂತಿತು.

ಆಮೇಲೆ... ಖಟ್.

ಅಡಿಗೆ ಕಬ್ಬಿಣದ ಮೊಳೆ ಹೊಡೆದ ಬೂಟು ಕಲ್ಲಿಗೆ ತಾಗಿದ ಸದ್ದು. ಖಟ್... ಖಟ್. ಕೆಳಗಿನ ಮೆಟ್ಟಿಲಿನಲ್ಲಿ. ಮೂರೇ ಹೆಜ್ಜೆ. ಚರ್ಮದ ಪಟ್ಟಿಯೊಂದು ಕಿರ್ ಎಂದಿತು, ಯಾರೋ ಎದೆ ಸೆಟೆಸಿ ನಿಂತಂತೆ.

"ರಿಡ್ಕು ರಾಮ್."

ಜೋರಿಲ್ಲ. ಪಕ್ಕದಲ್ಲಿ ನಿಂತವನಿಗೆ ಕೇಳಬೇಕು, ಆಚೆ ದಂಡೆಯ ಶತ್ರುವಿಗೆ ಕೇಳಬಾರದು... ಅಷ್ಟೇ ದನಿ.

ಅವನು ಕಂಬಳಿಯನ್ನು ಕಿವಿಯಿಂದ ಸರಿಸಿದ.

"ರಿಡ್ಕು ರಾಮ್."

ಎರಡು ಸಲ. ಆಮೇಲೆ ಏನೂ ಇಲ್ಲ. ಟಪ್... ಟಪ್... ಒರತೆ ಮತ್ತೆ ಶುರುವಾಯಿತು.

ಆ ಹೆಸರು ಹಿಡಿದು ಯಾರಾದರೂ ಕರೆದು ಹದಿನೈದು ವರ್ಷ ದಾಟಿತ್ತು. ಊರು ಅವನನ್ನು ಕರೆಯುತ್ತಿದ್ದದ್ದು ಜಗ್ತು ಎಂದು. ರಿಡ್ಕು ರಾಮ್ ಎಂಬ ಹೆಸರು ಊರಿನಲ್ಲಿ ಉಳಿದಿದ್ದದ್ದು ಒಂದೇ ಕಡೆ. ಬಾವಡಿಯ ಎಡಗೋಡೆಯಲ್ಲಿ, ನಾಲ್ಕನೇ ಮೊಹರೆಯ ಮೇಲೆ.

ಮತ್ತು ಅದು ಅವನದೇ ಹೆಸರು.

ಮನೆಗೆ ಬಂದವನ ಮುಖ ನೋಡಿ ಹೆಂಡತಿ ಬ್ರಹ್ಮೀ ಒಲೆ ಮುಂದಿನಿಂದ ಎದ್ದಳು. ಮಕ್ಕಳು ಮಲಗಿದ್ದವು. ಅವಳು ಪಿಸುಗುಟ್ಟಿದಳು.

"ಏನಾಯ್ತು?"

"ಬಾವಡೀಲಿ... ಕೂಗ್ತು."

"ಯಾರನ್ನ?"

"ನನ್ನ. ನನ್ನ ಹೆಸರು. ಹಳೇದು."

"ಓಗೊಟ್ಯಾ?"

"ಇಲ್ಲ."

"ನಿಜ ಹೇಳು."

"ಇಲ್ಲ ಅಂದೆನಲ್ಲೇ!"

"ಎಷ್ಟು ಸಲ ಕೂಗ್ತು?"

"ಎರಡು."

ಅವಳು ಒಲೆಗೆ ಸೌದೆ ಒತ್ತಿದಳು. "ಅವಕ್ಕೆ ಎರಡೇ ಸಲ ಕೂಗೋಕೆ ಬರೋದು. ಮೂರನೇ ಸಲ ಕೂಗಿದ್ರೆ ಮನುಷ್ಯ. ಮೂರು ಆಗೋವರೆಗೆ ಬಾಯಿ ಬಿಡಬೇಡ. ನಿನ್ನ ಅಮ್ಮನೇ ಬಂದು ಕರೆದರೂ ಬಿಡಬೇಡ. ಸತ್ತರೂ ಅವಳು ಕರೆಯೋಳೇ."

ಇವರಿಬ್ಬರ ಮದುವೆಯ ವಿಷಯ ಇಲ್ಲಿ ಹೇಳಬೇಕು. ಬ್ರಹ್ಮೀ ಒಬ್ಬನೇ ಗಂಡಸನ್ನು ಎರಡು ಸಲ ಮದುವೆಯಾದವಳು.

ಮೊದಲನೇ ಜರ್ಮನ್ ಯುದ್ಧದ ಎರಡನೇ ವರ್ಷ ರಿಡ್ಕು ಉಪ್ಪು ತರಲು ಪಾಲಂಪುರಕ್ಕೆ ಹೋದವನು, ಅಲ್ಲಿ ಪಲ್ಟಣದ ಬ್ಯಾಂಡು ಕೇಳಿ, ಎದೆಯ ಅಳತೆ ಕೊಟ್ಟು, ಹೆಸರು ಬರೆಸಿ ಬಂದ. ಉಪ್ಪು ಮರೆತು ಬಂದ. ಮನೆ ತಲುಪುವ ಹೊತ್ತಿಗೆ ಬ್ಯಾಂಡು ಕಿವಿಯಿಂದ ಇಳಿದಿತ್ತು. ಮದುವೆಯಾಗಿ ಐದು ವಾರ. ತಾಯಿ ಹೊಸ್ತಿಲಿಗೆ ಅಡ್ಡ ಮಲಗಿದಳು: ಹೋಗುವುದಾದರೆ ನನ್ನನ್ನು ದಾಟಿ ಹೋಗು. ಹೋಗದಿದ್ದರೆ ಪೊಲೀಸರು ಬರುತ್ತಾರೆ. ಮೂರು ದಿನ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಆಗ ಚಿಕ್ಕಪ್ಪನ ಮಗ ಜಗ್ತು, ತಂದೆತಾಯಿ ಇಲ್ಲದೆ ಅವರ ಮನೆಯಲ್ಲೇ ಬೆಳೆದವನು, ಗೊಂಬೆಯಾಟ ನೋಡಿದವನಂತೆ, ಮುರಿದ ಮುಂದಿನ ಹಲ್ಲು ಕಾಣುವ ಹಾಗೆ ನಕ್ಕುಬಿಟ್ಟ.

"ಇದಕ್ಕೆ ಇಷ್ಟು ಗೋಳಾ? ನಾನು ಹೋಗ್ತೀನಿ. ಎತ್ತರ ಒಂದೇ, ಮೂಗು ಒಂದೇ. ಸಾಹೇಬರ ಕಣ್ಣಿಗೆ ನಾವೆಲ್ಲ ಒಂದೇ ಅಚ್ಚಿನ ಬೆಲ್ಲ."

ಹೋದ. ರಿಡ್ಕು ರಾಮ್ ಆಗಿ ಹೋದ. ಮರುವರ್ಷ ಬೈಸಾಖಿ ಕಳೆದ ಮೇಲೆ ಕಾಗದ ಬಂತು: ಸಿಪಾಯಿ ರಿಡ್ಕು ರಾಮ್, ಕಡಲಾಚೆ ದಜಲಾ ನದಿಯ ದಂಡೆಯಲ್ಲಿ, ಸಾವು. ಲಂಬರದಾರರು ಅದನ್ನು ಓದುವಾಗ ಕಾಗದದಲ್ಲಿ ಸತ್ತವನು ಹಿತ್ತಿಲಲ್ಲಿ ಎಮ್ಮೆಯ ಹಾಲು ಕರೆಯುತ್ತಿದ್ದ.

ನಿಜ ಹೇಳಿದರೆ ಜೈಲು. ತಾಯಿ ಮೂರೂರಿಗೆ ಕೇಳುವಂತೆ ಅತ್ತಳು. ಬ್ರಹ್ಮಿಯ ಬಳೆ ಒಡೆದರು. ಮೊಹರೆ ನಿಲ್ಲಿಸದಿದ್ದರೆ ಅನುಮಾನ ಬರುತ್ತದೆಂದು ಅದನ್ನೂ ಕೆತ್ತಿಸಿದರು. ಏಳು ತಿಂಗಳಾದ ಮೇಲೆ ವಿಧವೆಯನ್ನು ಮೈದುನ ಚಾದರ ಹೊದಿಸಿ ಮದುವೆಯಾಗುವ ಪದ್ಧತಿಯಂತೆ, "ಜಗ್ತು" ಬಂದು ಬ್ರಹ್ಮಿಗೆ ಚಾದರ ಹೊದಿಸಿದ. ಪುರೋಹಿತರು ನಗು ಮುಚ್ಚಲು ಕೆಮ್ಮಿ ಕೆಮ್ಮಿ, ಕೊನೆಗೆ ಯಾರೋ ಅವರಿಗೆ ನಿಜವಾಗಿಯೂ ಶುಂಠಿ ತಂದುಕೊಟ್ಟರಂತೆ. ಊರಿಗೆಲ್ಲ ಗೊತ್ತಿತ್ತು. ಊರು ಬಾಯಿ ಬಿಡಲಿಲ್ಲ. ಮನೆಗೊಬ್ಬ ಮಗ ಪಲ್ಟಣದಲ್ಲಿದ್ದ ಕಾಲ. ಯಾರ ಮನೆಯ ಮಡಕೆಯಲ್ಲಿ ಏನು ಮುಚ್ಚಿಟ್ಟಿದೆಯೋ, ಯಾರು ಯಾರದನ್ನು ತೆಗೆಯುತ್ತಾರೆ?

ಹೀಗೆ ಒಬ್ಬ ತಾಯಿ ಹದಿನೈದು ವರ್ಷ, ಬದುಕಿರುವ ಮಗನ ಕಲ್ಲಿಗೆ ದಿನಾ ನೀರು ಹಾಕಿದಳು. ನಿಜವಾಗಿ ಸತ್ತ ಜಗ್ತುವಿಗೆ ಒಂದು ಬೊಗಸೆಯಿಲ್ಲ, ಒಂದು ಕಲ್ಲಿಲ್ಲ. ಆ ತಾಯಿಯೂ ಹೋಗಿ ಮೂರು ತಿಂಗಳಾಗಿತ್ತು.

ಇನ್ನು ಆ ಸಂಜೆ ಲಂಬರದಾರರ ಅಂಗಳದಲ್ಲಿ ಆದದ್ದು.

ಊರಿಗೆ ಜಮಾದಾರ್ ಬಿಧಿ ಸಿಂಗ್ ಗುಲೇರಿಯಾ ಬಂದಿದ್ದರು. ಪಲ್ಟಣದಿಂದ ನಿವೃತ್ತರು. ಎಣ್ಣೆ ಹಾಕಿ ತಿರುವಿದ ಮೀಸೆ, ಬಗಲಲ್ಲಿ ಮೇಣದ ಬಟ್ಟೆ ಸುತ್ತಿದ ದಪ್ಪ ಪುಸ್ತಕ. ಪಲ್ಟಣದ ಇತಿಹಾಸ ಬರೆಸುತ್ತಿದ್ದಾರೆ, ಕೊನೆಯಲ್ಲಿ ಸತ್ತವರ ಹೆಸರೆಲ್ಲ ಅಚ್ಚಾಗುತ್ತದೆ, ಈ ಸೀಮೆಯ ಹೆಸರುಗಳನ್ನು ತಾಳೆ ನೋಡಲು ಜಲಂಧರದ ಸಾಹೇಬರು ನನ್ನನ್ನೇ ಕಳಿಸಿದ್ದಾರೆ ಎಂದರು. "ನನ್ನನ್ನೇ" ಎಂಬುದನ್ನು ನಾಲ್ಕು ಸಲ ಹೇಳಿದರು.

"ಹಾರ್ಕಿನ್ ಸಾಹೇಬ ಕಟ್ಟಿದ ಪಲ್ಟಣ ಕಣ್ರಯ್ಯಾ! ಕಾಬೂಲು ನೋಡಿದೆ. ಬರ್ಮಾ ನೋಡಿದೆ. ಚೀನಾದ ಗೋಡೆ ಹತ್ತಿದೆ."

"ಇಳೀತೋ ಇಲ್ವೋ ಜಮಾದಾರ್ ಸಾಹೇಬ್ರೆ?" ಎಂದ ಹಿಂದಿನಿಂದ ಒಬ್ಬ ಮುದುಕ.

"ಇಳಿದಿದ್ದಕ್ಕೇ ನಿನ್ನ ಮಗ ಹುಟ್ಟಿದ್ದು, ಕೂತ್ಕೋ!" ಅಂಗಳ ನಕ್ಕಿತು. ಜಮಾದಾರರು ನಗಲಿಲ್ಲ. "ಒಂಬತ್ತು ವರ್ಷದ ಹಿಂದೆ ಸರ್ಕಾರ ನಮ್ಮ ಪಲ್ಟಣದ ನಂಬರೇ ಅಳಿಸಿ ಇನ್ನೊಂದರ ಹೊಟ್ಟೆಗೆ ಸೇರಿಸಿತು. ಹಳದಿ ಕಾಲರು ಹೋಯ್ತು. ಇನ್ನು ಉಳಿಯೋದು ಪುಸ್ತಕ ಒಂದೇ. ಅದರಲ್ಲಿ ಹೆಸರು ತಪ್ಪಿದರೆ ಸತ್ತವನು ಎರಡನೇ ಸಲ ಸತ್ತ ಹಾಗೆ. ಅದಕ್ಕೇ ಕೇಳ್ತಿದೀನಿ. ನಿಮ್ಮೂರಿನ ರಿಡ್ಕು ರಾಮ್. ಸರೀನಾ?"

ಯಾರೂ ರಿಡ್ಕುವಿನ ಕಡೆ ತಿರುಗಲಿಲ್ಲ. ಅಷ್ಟು ಜನ ಒಟ್ಟಿಗೆ ತಿರುಗದಿದ್ದರೆ ಅದೇ ಬೆರಳು ತೋರಿಸಿದಂತೆ.

"ಸರಿ," ಎಂದರು ಲಂಬರದಾರರು.

"ಒಳ್ಳೇ ಜವಾನ. ಒಂದೇ ಕೆಟ್ಟ ಚಾಳಿ. ಹಾಜರಿ ಕೂಗಿದ್ರೆ ಮೊದಲನೇ ಸಲ ಓಗೊಡ್ತಿರಲಿಲ್ಲ. ಎರಡನೇ ಸಲಾನೂ ಇಲ್ಲ. ಬೇರೆ ಯಾರನ್ನೋ ಕರೀತಿದಾರೆ ಅನ್ನೋ ಥರ ನೋಡ್ತಾ ನಿಂತಿರೋನು. ಮೂರನೇ ಸಲಕ್ಕೆ ಬೆಚ್ಚಿಬಿದ್ದು, 'ಹಾಜರ್!' ಕಿವುಡ ಅಂತಲೇ ಹೆಸರಿಟ್ಟಿದ್ವಿ..." ಹುಕ್ಕಾ ಗುಡುಗುಡು ಎಂದಿತು. "ಆ ರಾತ್ರಿ ಕಂದಕ ಬಿಟ್ಟು ಹಿಂದೆ ಸರೀಬೇಕಿತ್ತು. ಸದ್ದಿಲ್ಲದೆ. ಆಗ ಹವಾಲ್ದಾರ್ ನಾನೇ. ಅವನು ನೀರಿಗೆ ಅಂತ ದಂಡೆಗೆ ಇಳಿದಿದ್ದ, ಹತ್ತು ಹೆಜ್ಜೆ ಕೆಳಗೆ. ಕೂಗಿದೆ. ಎರಡು ಸಲ ಕೂಗಿದೆ. ಹೊತ್ತಿರಲಿಲ್ಲ... ಹೊರಟ್ವಿ."

ಅವರು ಹುಕ್ಕಾದ ನಳಿಗೆಯನ್ನು ಪಕ್ಕಕ್ಕಿಟ್ಟರು.

"ಮೂರನೇ ಸಲ ಕೂಗಿದ್ರೆ ಬರ್ತಿದ್ದ," ಎಂದರು ಜಮಾದಾರರು.

ರಿಡ್ಕು ಎದ್ದು ಹೊರಟದ್ದು ಆಗ. ಜಗ್ತು ಗುಂಡಿಗೆ ಸತ್ತ ಎಂದು ಅವನು ಇಷ್ಟು ವರ್ಷ ತಿಳಿದಿದ್ದ. ಗುಂಡಲ್ಲ. ಸಾಲ ಕೊಟ್ಟ ಹೆಸರು ಅವನ ಕಿವಿಗೆ ಒಗ್ಗಲಿಲ್ಲ... ಅದಕ್ಕೆ ಸತ್ತ.

ಮರುದಿನ ಅವನು ಹೊತ್ತು ಮುಳುಗುವ ಮುಂಚೆ ಮನೆ ಸೇರಿದ. ಏನು ಪ್ರಯೋಜನ? ಎರಡನೇ ರಾತ್ರಿ ಕೂಗು ಬಾವಡಿಯಲ್ಲಿರಲಿಲ್ಲ, ಗದ್ದೆಯ ಮೆಟ್ಟಿಲಿನಲ್ಲಿತ್ತು. ಖಟ್... ಖಟ್... ಖಟ್. ಎರಡು ಸಲ ಹೆಸರು. ಮೂರನೇ ರಾತ್ರಿ ಅಂಗಳದಲ್ಲಿ. ಎಮ್ಮೆ ಹಗ್ಗ ಹರಿದುಕೊಂಡು ಗೋಡೆಗೆ ಮೈ ಒತ್ತಿ ನಿಂತಿತು. ಕೊನೆಯ ಮಗಳು, ನಮ್ಮತ್ತೆ, ಆಗ ಒಂಬತ್ತು ವರ್ಷದವಳು. ಕಂಬಳಿಯಿಂದ ತಲೆ ಹೊರಹಾಕಿ ಕೇಳಿದಳು, "ಅಪ್ಪಾ, ಅಂಗಳದಲ್ಲಿ ಸಿಪಾಯಿ ಯಾರನ್ನ ಹುಡುಕ್ತಿದಾನೆ?"

"ಯಾರನ್ನೂ ಇಲ್ಲ. ಮಲಕ್ಕೋ."

ಬ್ರಹ್ಮೀ ಗಂಡನನ್ನು ನೋಡಿದಳು. ಅವನ ತುಟಿ ಅಲುಗುತ್ತಿತ್ತು. ಅವಳು ತಟಕ್ಕನೆ ಸೆರಗು ಉಂಡೆ ಮಾಡಿ ಅವನ ಬಾಯಿಗೆ ತುರುಕಿದಳು. ಬೂಟಿನ ಸದ್ದು ಇಳಿದು ಹೋಗುವವರೆಗೆ ತೆಗೆಯಲಿಲ್ಲ.

"ಏನು ಮಾಡೋಕೆ ಹೊರಟಿದ್ದೆ? ಸಾಯೋಕಾ?"

"ಗೊತ್ತಿಲ್ಲ ಕಣೇ..." ಅವನ ದನಿ ಮಗುವಿನದಾಗಿತ್ತು. "ಹೆದರಿಕೆ ಆಗುತ್ತೆ. ಆದರೂ ಓ ಅನ್ನಬೇಕು ಅನ್ಸುತ್ತೆ. ನನ್ನ ಹೆಸರಲ್ವಾ. ಯಾರು ಕರೆದಿದಾರೆ ಇಷ್ಟು ವರ್ಷದಲ್ಲಿ?"

ಅವಳು ಬಾಗಿಲ ಅಗುಳಿಯನ್ನು ಕೈಯಲ್ಲೇ ಹಿಡಿದು ಬೆಳಗಿನವರೆಗೆ ಕೂತಳು. ಇನ್ನೊಂದು ರಾತ್ರಿ ಬಂದರೆ ಅದು ಹೊಸ್ತಿಲು ದಾಟುತ್ತದೆ. ಅಷ್ಟು ಲೆಕ್ಕ ಅವಳಿಗೂ ಬರುತ್ತಿತ್ತು.

ಬೆಳಕು ಹರಿದದ್ದೇ ತಡ, ಇಬ್ಬರೂ ಲಂಬರದಾರರ ಮನೆಗೆ ಹೋಗಿ ಜಮಾದಾರರ ಕಾಲಿಗೆ ಬಿದ್ದು ಎಲ್ಲ ಹೇಳಿದರು. ಜಮಾದಾರರ ಮೀಸೆ ನಡುಗಿತು.

"ಲೇ! ಪಲ್ಟಣಕ್ಕೇ ಮೋಸ! ಒಂದು ಕಾಗದ ಬರೆದರೆ ನಿನ್ನ ಮೂಳೆ ಜೈಲಲ್ಲಿ ಕೊಳೆಯುತ್ತೆ, ಗೊತ್ತಾ?"

"ಬರೀರಿ ಸಾಹೇಬ್ರೆ. ಜೈಲಿಗೆ ಬೇಕಾದ್ರೆ ಹೋಗ್ತೀನಿ. ಅಲ್ಲಿ ಕೂಗೋರು ಮನುಷ್ಯರು. ಆದರೆ ಪುಸ್ತಕದಲ್ಲಿ ಜಗ್ತು ಅಂತ ಬರೀರಿ. ರಿಡ್ಕು ಅಂತಿದ್ದದ್ದು ಹೊಡೆದುಹಾಕಿ."

"ಸಾಕು ಬಿಡು. ಯಾವುದೋ ಗೂಬೆ ಕೂಗಿದ್ದಕ್ಕೆ..."

"ಗೂಬೆ ಅಲ್ಲ," ಎಂದ ರಿಡ್ಕು. "ದನಿ ನಿಮ್ಮದು."

ಜಮಾದಾರರು ಪಗಡಿ ತೆಗೆದು ಮೊಣಕಾಲಿನ ಮೇಲಿಟ್ಟುಕೊಂಡರು. ಪಗಡಿಯಿಲ್ಲದೆ ಅವರು ಯಾರದೋ ಬಡ ಅಜ್ಜನಂತೆ ಕಂಡರು.

"ನಾನೂ ಕೂಗ್ತೀನಂತೆ," ಎಂದರು ಕೊನೆಗೆ, ತೀರಾ ಮೆಲ್ಲಗೆ. "ನಿದ್ದೇಲಿ. ಮನೆಯವಳು ಹೇಳ್ತಾಳೆ. ಹದಿನೈದು ವರ್ಷದಿಂದ. ಎರಡು ಸಲ ಕೂಗಿ ಸುಮ್ಮನಾಗ್ತೀನಂತೆ."

ಪುಸ್ತಕ ಬಿಚ್ಚಿದರು. ಒಂದು ಹೆಸರಿನ ಮೇಲೆ ಗೆರೆ ಎಳೆದು ಇನ್ನೊಂದು ಬರೆದರು. ಆಮೇಲೆ, ಕಲ್ಲು ನಿಲ್ಲಿಸಿ, ಹಾಜರಿ ನಾನೇ ಬಂದು ಕೂಗುತ್ತೇನೆ, ಈ ಸಲ ಪೂರ್ತಿ ಮೂರು ಸಲ, ಎಂದರು.

ಕಲ್ಲುಕುಟಿಗ ಠೋಲುವಿನ ಮನೆ ಬಾವಡಿಯ ಮೇಲುಗಡೆ. ಅವನು ಉಳಿ ಮಸೆಯುತ್ತಿದ್ದ.

"ಯಾರ ಮೊಹರೆ?"

"ಜಗ್ತು ರಾಮಂದು."

"ಅಂದ್ರೆ ನಿಂದು."

"ನಂದಲ್ಲ ಮಾರಾಯ, ನಿನಗೂ ಗೊತ್ತಲ್ಲ!"

"ನನಗೆ ಗೊತ್ತು. ಕಲ್ಲಿಗೆ ಗೊತ್ತಾ?" ಠೋಲು ಉಳಿ ಕೆಳಗಿಟ್ಟ. "ಎಡಗೋಡೇಲಿ ರಿಡ್ಕು ನಿಂತಿದಾನೆ. ಈಗ ಪಕ್ಕದಲ್ಲಿ ಜಗ್ತುನ ನಿಲ್ಲಿಸ್ತೀನಿ ಅಂತೀಯ. ಎರಡೂ ಹೆಸರು ಬಾವಡಿಗೆ ಕೊಟ್ಟ ಮೇಲೆ ನೀನು ಬದುಕೋಕೆ ಯಾವ ಹೆಸರು ಉಳೀತು ಮಾರಾಯ? ಮೊದಲು ಆ ಕಲ್ಲು ತೆಗಿ. ಆಮೇಲೆ ಇದು."

"ನೀರು ಹಾಕಿದ ಮೊಹರೆ ಕದಲಿಸಬಾರದಲ್ಲ."

"ಬಾರದು. ನಿನ್ನ ಅಮ್ಮನಿಗೆ ಅವತ್ತೇ ಹೇಳಿದ್ದೆ. ಉಸಿರಾಡೋನ ಮುಖ ಕೆತ್ತಿಸಬೇಡ ಅಂತ. ಬೈದು ಕಳಿಸಿದ್ಲು."

ಪುರೋಹಿತರನ್ನು ಕೇಳಿದರು. ಚೈತ್ರದಲ್ಲಿ ಶಾಂತಿ ಮಾಡಿ ಹಳೆಯ ಕಲ್ಲನ್ನು ಬ್ಯಾಸ್ ನದಿಗೆ ಬಿಡಬಹುದು, ಅದಕ್ಕೂ ಮುಂಚೆ ಮುಟ್ಟುವಂತಿಲ್ಲ ಎಂದರು. ಚೈತ್ರಕ್ಕೆ ನಾಲ್ಕು ತಿಂಗಳು. ಕೂಗು ಆಗಲೇ ಅಂಗಳದಲ್ಲಿತ್ತು. ಯಾರು ಕಾಯುತ್ತಾರೆ? ಹೊಸ ಕಲ್ಲು ಇವತ್ತು, ಹಳೆಯ ಕಲ್ಲು ಚೈತ್ರಕ್ಕೆ ಎಂದು ಎಲ್ಲರೂ ಸೇರಿ ತೀರ್ಮಾನಿಸಿದರು. ತಪ್ಪು ಅಲ್ಲೇ ಆಯಿತು ಎಂದು ನಮ್ಮತ್ತೆ ಸಾಯುವವರೆಗೂ ಹೇಳುತ್ತಿದ್ದರು. ಠೋಲು ಗೊಣಗುತ್ತಲೇ ದಿನವೆಲ್ಲ ಕೂತು ಕೆತ್ತಿದ. ಮುಖ ಕೆತ್ತಲು ರಿಡ್ಕುವನ್ನೇ ಎದುರಿಗೆ ಕೂರಿಸಿಕೊಂಡ. ಮೂಗು ಒಂದೇ ಅಲ್ಲವೇ.

ಸಂಜೆ. ಬೆಟ್ಟದ ತುದಿಯಲ್ಲಿ ಇನ್ನೂ ಕೆಂಪು, ಬಾವಡಿಯಲ್ಲಿ ಆಗಲೇ ಕಪ್ಪು. ಜಮಾದಾರರು ಹಳೆಯ ಕೋಟು, ಪದಕ, ಬೂಟು ಎಲ್ಲ ಹಾಕಿಕೊಂಡು ಬಂದಿದ್ದರು. ಊರಿನ ಹತ್ತಿಪ್ಪತ್ತು ಜನ ಮೇಲೆ ಅರಳಿಮರದ ಕೆಳಗೆ ನಿಂತರು. ಕಲ್ಲನ್ನು ನಾಲ್ಕನೆಯದರ ಪಕ್ಕಕ್ಕೆ ಒರಗಿಸಿದರು. ಬ್ರಹ್ಮೀ ಮೊದಲ ಬೊಗಸೆ ಹಾಕಿದಳು. ಒಣಕಲ್ಲು ನೀರು ಹೀರಿದ ಸದ್ದು... ಸ್ಸ್.

ಜಮಾದಾರರು ಹಿಮ್ಮಡಿ ಜೋಡಿಸಿದರು. ಖಟ್.

"ಜಗ್ತು ರಾಮ್."

ಟಪ್... ಟಪ್...

"ಜಗ್ತು ರಾಮ್."

ಒರತೆ ನಿಂತಿತು. ಮೇಲೆ ನಿಂತಿದ್ದ ಒಬ್ಬ ಹೆಂಗಸು ಪಕ್ಕದವಳ ಕೈ ಹಿಡಿದಳು.

"ಜಗ್ತು ರಾಮ್!"

"ಹಾಜರ್."

ನೀರಿನ ಮಟ್ಟದಿಂದ ಬಂತು. ಪ್ರತಿಧ್ವನಿಯಲ್ಲ, ಪ್ರತಿಧ್ವನಿ ಹೆಸರನ್ನು ವಾಪಸು ಹೇಳುತ್ತದೆ, ಉತ್ತರ ಕೊಡುವುದಿಲ್ಲ. ಮುಂದಿನ ಹಲ್ಲು ಮುರಿದವರು ಆಡುವಂತೆ ಕೊನೆಯಲ್ಲೊಂದು ಸಣ್ಣ ಸಿಳ್ಳೆ ಸೇರಿತ್ತು. ರಿಡ್ಕು ಆ ಸಿಳ್ಳೆ ಗುರುತಿಸಿ ಮೆಟ್ಟಿಲ ಮೇಲೆ ಕುಸಿದು ಕೂತು ಅತ್ತ. ಎಷ್ಟೋ ವರ್ಷದಿಂದ ಕಟ್ಟಿಕೊಂಡಿದ್ದು ಬಿಚ್ಚಿದವನಂತೆ ಅತ್ತ. ಅಷ್ಟರಲ್ಲಿ ಜನ ಮೇಲೆ ಕಾಲ್ಕಿತ್ತಿದ್ದರು. ಜಮಾದಾರರು ಮಾತ್ರ ನಿಂತಲ್ಲೇ ನಿಂತಿದ್ದರು, ಬಾಯಿ ತೆರೆದು. ಏನೋ ಹೇಳಲು ನೋಡಿದರು. ಗಂಟಲಿನಿಂದ ಗಾಳಿ ಬಂತು, ಅಷ್ಟೇ. ಲಂಬರದಾರರ ಮಕ್ಕಳು ಕೈ ಹಿಡಿದು ಕರೆದುಕೊಂಡು ಹೋದರು.

ಆ ರಾತ್ರಿ ಮನೆಯಲ್ಲಿ ಹಗುರವಿತ್ತು. ಬ್ರಹ್ಮೀ ಅನ್ನ, ಮೊಸರಿನಲ್ಲಿ ಬೇಯಿಸಿದ ಕಡಲೆಯ ಮದ್ರಾ ಮಾಡಿದ್ದಳು. ರಿಡ್ಕು ಎರಡು ಸಲ ಬಡಿಸಿಕೊಂಡ. ಮಕ್ಕಳು ಮಲಗಿದ ಮೇಲೆ ಅವನು ನಾಚಿಕೊಂಡು ಕೇಳಿದ.

"ಒಂದು ಸಲ ನನ್ನ ಹೆಸರು ಹಿಡಿದು ಕರೀ."

"ಥೂ! ಗಂಡನ ಹೆಸರು ಹೇಳ್ತಾರಾ ಯಾರಾದ್ರೂ?"

"ಯಾರೂ ಕೇಳಲ್ಲ. ಒಂದೇ ಸಲ."

"ಎರಡು ಸಲ ಮದುವೆ ಮಾ‌ಡ್ಕೊಂಡೆ, ಅದು ಸಾಲದಾ? ಚೈತ್ರ ಬರಲಿ. ಆ ಕಲ್ಲು ಹೋಗಲಿ. ಊರೇ ಕರೆಯುತ್ತೆ, ಕಿವಿ ತೂತಾಗೋ ಹಾಗೆ."

ಅವನು ನಕ್ಕು ಮಗ್ಗುಲಾದ.

ಎಷ್ಟು ಹೊತ್ತಾಗಿತ್ತೋ. ಬ್ರಹ್ಮಿಗೆ ಎಚ್ಚರವಾಯಿತು. ಅಂಗಳದಲ್ಲಿ ಖಟ್... ಖಟ್... ಖಟ್. ಎಮ್ಮೆ ಸುಮ್ಮನಿತ್ತು. ಉಸಿರೂ ಕೇಳುತ್ತಿರಲಿಲ್ಲ.

"ರಿಡ್ಕು ರಾಮ್."

ಗಂಡನೂ ಎದ್ದು ಕೂತಿದ್ದ. ಅವಳು ಕತ್ತಲಲ್ಲೇ ಅವನ ಮಣಿಕಟ್ಟು ಹಿಡಿದಳು.

"ರಿಡ್ಕು ರಾಮ್."

ಅವಳು ಎರಡನೇ ಬೆರಳು ಮಡಚಿದಳು. ಮುಗಿಯಿತು. ಎರಡಾಯಿತು. ಇನ್ನು ಇಳಿದು ಹೋಗುತ್ತದೆ...

"ರಿಡ್ಕು ರಾಮ್."

ಮೂರು.

ಅವಳೇ ಎಣಿಸಿದ್ದಳು. ತನ್ನದೇ ಬೆರಳುಗಳಲ್ಲಿ. ಅವಳ ಹಿಡಿತ ತಾನಾಗಿ ಸಡಿಲವಾಯಿತು. ಮುಂದೆ ನಲವತ್ತು ವರ್ಷ ಬದುಕಿದಳು. ಅಷ್ಟೂ ವರ್ಷ ರಾತ್ರಿ ಆ ಮೂರು ಬೆರಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮಲಗುತ್ತಿದ್ದಳು.

"ಜಮಾದಾರ್ ಸಾಹೇಬ್ರು ಕಣೇ," ಎಂದ ರಿಡ್ಕು. ಅವನ ದನಿಯಲ್ಲಿ ಸಂತೋಷವಿತ್ತು. "ಅವರದೇ ದನಿ. ಮೂರು ಸಲ ಕರೆದ್ರು ನೋಡು. ನನ್ನನ್ನ!"

ಆಮೇಲೆ ಬಾಗಿಲ ಕಡೆ ತಿರುಗಿ, ಜೀವನದಲ್ಲಿ ಒಮ್ಮೆಯೂ ಪಲ್ಟಣದಲ್ಲಿ ನಿಂತಿರದವನು, ಸೆಟೆದು ನಿಂತು ಹೇಳಿದ:

"ಹಾಜರ್!"

ಕಂದೀಲು ಹಚ್ಚಿಕೊಂಡ. ಅಗುಳಿ ಕಿರುಗುಟ್ಟಿತು. ಬ್ರಹ್ಮೀ ಹಾಸಿಗೆಯಲ್ಲೇ ಕೂತು ಕೇಳಿಸಿಕೊಂಡಳು. ಗಂಡನ ಬರಿಗಾಲು ಅಂಗಳದ ಮಣ್ಣಿನ ಮೇಲೆ, ತಪ ತಪ. ಜೊತೆಗೆ ಬೂಟು, ಖಟ್, ಖಟ್. ಅಂಗಳ ದಾಟಿತು. ಗದ್ದೆಯ ಮೆಟ್ಟಿಲು ಇಳಿಯಿತು. ತಿರುವಿನಲ್ಲಿ ಬರಿಗಾಲಿನ ಸದ್ದು ನಿಂತುಹೋಯಿತು.

ಆಮೇಲೆ ಕೇಳಿದ್ದು ಎರಡು ಜೊತೆ ಬೂಟು. ಒಂದೇ ತಾಳದಲ್ಲಿ.

ಅವನು ತಿರುಗಿ ಬರಲಿಲ್ಲ. ಎರಡು ದಿನ ಕಣಿವೆ ಜಾಲಾಡಿದರು. ಬಾವಡಿಯ ನೀರು ಮೊಗೆದು ತಳ ನೋಡಿದರು. ತಳದಲ್ಲಿ ಕಲ್ಲೇ ಹೊರತು ಏನಿಲ್ಲ. ಜಮಾದಾರರನ್ನು ಹಿಡಿದುಕೊಂಡರು. ಪಾಪ, ಅವರು ಹೇಗೆ ಕೂಗುತ್ತಾರೆ? ಆ ರಾತ್ರಿಯೆಲ್ಲ ಲಂಬರದಾರರ ಮನೆಯವರು ಅವರ ಸುತ್ತ ಕೂತು ಗಂಟಲಿಗೆ ಬಿಸಿತುಪ್ಪ ಸವರುತ್ತಿದ್ದರು. ಬಾವಡಿಯಲ್ಲಿ ನಿಂತ ದನಿ ಅವರಿಗೆ ಮತ್ತೆ ಬರಲೇ ಇಲ್ಲ. ಹಲಗೆಯ ಮೇಲೆ ಬರೆದು ತೋರಿಸುತ್ತ ಇನ್ನೂ ಆರು ವರ್ಷ ಬದುಕಿದರು. ನಿದ್ದೆಯಲ್ಲೂ ಕೂಗಲಿಲ್ಲವಂತೆ.

ಬ್ರಹ್ಮೀ ಬಳೆ ಒಡೆಯಲು ಬಂದ ಹೆಂಗಸರನ್ನು ಬಾಗಿಲಲ್ಲೇ ತಡೆದಳು. "ಅವನಿಗೆ ಅಂತ ಒಂದು ಸಲ ಒಡೆದಾಯ್ತು," ಎಂದಳು. "ಇನ್ನೆಷ್ಟು ಸಲ?"

ಎರಡು ವರ್ಷದ ಮೇಲೆ ಪುಸ್ತಕ ಬಂತು. ಶಾಲೆಯ ಮೇಷ್ಟ್ರು ಕೊನೆಯ ಪುಟಗಳನ್ನು ಓದಿ ಹೇಳಿದರು. ಜಗ್ತು ರಾಮ್ ಇದ್ದ. ಅವನ ಕೆಳಗೇ ರಿಡ್ಕು ರಾಮ್ ಇದ್ದ. ಜಮಾದಾರರು ಗೆರೆ ಎಳೆದದ್ದಕ್ಕೆ ಜಲಂಧರದವರು ಒಪ್ಪಿರಲಿಲ್ಲ. ಹಳೆಯ ಕಾಗದದಲ್ಲಿ ಏನಿದೆಯೋ ಅದೇ. ಇಬ್ಬರಿಗೂ ಒಂದೇ ತಾರೀಖು, ಒಂದೇ ನದಿ. ಆ ಲೆಕ್ಕದಲ್ಲಿ ನಮ್ಮತ್ತೆ ತಮ್ಮ ತಂದೆ ಸತ್ತು ಆರು ವರ್ಷಕ್ಕೆ ಹುಟ್ಟಿದವರು. ಪಲ್ಟಣದ ಇತಿಹಾಸದಲ್ಲಿ ಅಚ್ಚಾಗಿದೆ, ಏನು ಮಾಡುವುದು, ಎನ್ನುತ್ತಿದ್ದರು.

ಕಾಲು ಜಾರಿರಬಹುದು, ಓಡಿಹೋಗಿರಬಹುದು, ಯಾರೋ ಕೂಗಿ ಆಟ ಆಡಿರಬಹುದು ಎಂದು ನೀವು ಹೇಳುತ್ತೀರಿ. ನಾನೂ ಓದಿದವಳೇ, ಮದುವೆಯಾಗಿ ಬಂದ ಹೊಸದರಲ್ಲಿ ಇವನ್ನೆಲ್ಲ ಹೇಳಿದವಳೇ. ಆಗ ಅತ್ತೆ ವಾದ ಮಾಡಲಿಲ್ಲ. ಅವತ್ತು ಬೆಳಿಗ್ಗೆ ಬಾವಡಿಗೆ ಮೊದಲು ಓಡಿದವಳು ನಾನು, ಎಂದರು. ಕಂದೀಲು ಕೆಳಗಿನ ಮೆಟ್ಟಿಲ ಮೇಲಿತ್ತು. ಉರಿಯುತ್ತಿತ್ತು. ಬಿಸಿಲು ಬಂದು ಎಷ್ಟೋ ಹೊತ್ತಾಗಿತ್ತು. ಅಮ್ಮ ಹಿಂದಿನ ಸಂಜೆ ಅದಕ್ಕೆ ಎಣ್ಣೆ ಹಾಕಿದ್ದನ್ನು ನಾನೇ ನೋಡಿದ್ದೆ, ಕತ್ತಿನವರೆಗೆ ಹಾಕಿದ್ದಳು.

ಆರಿಸಿ, ಮುಚ್ಚಳ ತಿರುಗಿಸಿ ನೋಡಿದೆ. ಎಣ್ಣೆ ಕತ್ತಿನವರೆಗೇ ಇತ್ತು.